ಇಳಿಜಾರಿನಲ್ಲಿ ರೇಸ್ ಕೊಟ್ಟವಳು

ಹಿಮದ ಗುಡ್ಡ ಇಳಿಯುವಾಗ ಗಾಡಿ ಹಿಡಿತಕ್ಕೆ ಬರಬೇಕೆಂದರೆ ಸ್ವಲ್ಪ ರೇಸ್ ಕೊಡಬೇಕು. ಈ ಮಾತನ್ನು ಊರಿಗೆ ಮರಳಿದ ಮೇಲೆ ನಮ್ಮ ಓಣಿಯಲ್ಲಿ ಯಾರಿಗೆ ಹೇಳಿದರೂ, ಇವಳಿಗೆ ಚಳಿ ನೆತ್ತಿಗೇರಿದೆ ಎಂಬಂತೆ ಮುಖ ನೋಡುತ್ತಾರೆ. ನೋಡಲಿ ಬಿಡಿ. ಕೊಟ್ಟವಳು ನಾನು, ಇಳಿದವಳೂ ನಾನೇ. ಹೇಗೆ ಇಳಿದೆ ಎಂಬುದನ್ನು ಬರೆಯದಿದ್ದರೆ ನನಗೆ ಊಟ ಸೇರುವುದಿಲ್ಲ.

ಸಿಂಧನೂರು ಬಿಟ್ಟಿದ್ದು

ಸಿಂಧನೂರಿನಲ್ಲಿ ನಮ್ಮದು ಬೀಜ, ಗೊಬ್ಬರ, ಎಣ್ಣೆಯ ಅಂಗಡಿ. ಎಣ್ಣೆ ಎಂದರೆ ಒಗ್ಗರಣೆಯದಲ್ಲ, ಭತ್ತಕ್ಕೆ ಹೊಡೆಯುವ ಔಷಧಿ. ವ್ಯಾಪಾರ ಚೆನ್ನಾಗಿ ಮಾಡಿದ ಅಂಗಡಿಯವರನ್ನು ಕಂಪನಿಗಳು ಪರದೇಶ ತಿರುಗಿಸಿ ತರುವ ಪದ್ಧತಿ ನಮ್ಮ ಕಡೆ ಹಳೆಯದು. ನಮ್ಮ ಯಜಮಾನರು ಅಮರೇಶಪ್ಪನವರು ಹಾಗೆ ಬ್ಯಾಂಕಾಕು, ದುಬೈ ನೋಡಿ ಬಂದವರು. ಆಗೆಲ್ಲ ಗಂಡಸರದ್ದೇ ದಂಡು. ಅಂಗಡಿ ಕಾಯುವವಳು ನಾನು. ಈ ಸಲ ಕಂಪನಿಯವರಿಗೆ ಏನನ್ನಿಸಿತೋ, ಜೋಡಿಯಾಗಿಯೇ ಬರಬೇಕೆಂದರು. ಊರು ಯಾವುದೆಂದರೆ ಫಿನ್‌ಲ್ಯಾಂಡಿನ ಉತ್ತರದ ತುದಿ!

ಹೊರಡುವ ಮುಂಚೆ ಸಾಲಗುಂದದ ರೈತರೊಬ್ಬರು ಅಂಗಡಿಗೆ ಬಂದಿದ್ದರು. "ಅಲ್ಲಿ ಏನ್ ಬೆಳೀತಾರ್ರೀ ಅಕ್ಕಾರ?" ಎಂದು ಕೇಳಿದರು.

"ಬರ್ಫ್ ಬೆಳೀತಾರಪ್ಪ," ಎಂದೆ.

"ಹಂಗಾದ್ರ ನೀರಿನ ಚಿಂತಿ ಇಲ್ಲ ಬಿಡ್ರಿ," ಎಂದು ಚೀಲ ಹೊತ್ತುಕೊಂಡು ಹೋದರು.

ನನ್ನ ತಲೆಯಲ್ಲಿ ಮಾತ್ರ ಬರ್ಫಲ್ಲ, ಗಾಡಿ ಕುಳಿತಿತ್ತು. ಕಂಪನಿಯವರು ಕಳಿಸಿದ ವಿಡಿಯೋದಲ್ಲಿ ಒಬ್ಬಳು ಹೆಂಗಸು ಹಿಮದ ಮೇಲೆ ಓಡುವ ಮೋಟಾರು ಗಾಡಿಯನ್ನು ಬಿಟ್ಟ ಬಾಣದಂತೆ ಓಡಿಸುತ್ತಿದ್ದಳು. ಮುಂದೆ ಎರಡು ಹಲಗೆ, ಹಿಂದೆ ಚಕ್ರದ ಬದಲು ರಬ್ಬರಿನ ಅಗಲ ಪಟ್ಟಾ. ಅದನ್ನು ನೋಡಿದ ದಿನವೇ ತೀರ್ಮಾನಿಸಿದೆ, ಇದರ ಹ್ಯಾಂಡಲ್ ನನ್ನ ಕೈಯಲ್ಲಿರಬೇಕು.

ನಮ್ಮ ಮನೆಯಲ್ಲಿ ಟ್ರ್ಯಾಕ್ಟರ್ ಇದೆ, ಕಾರಿದೆ, ಯಜಮಾನರ ಪ್ರೀತಿಯ ಬುಲೆಟ್ಟಿದೆ. ಎಲ್ಲದರಲ್ಲೂ ನನ್ನ ಜಾಗ ಹಿಂದೆ ಇಲ್ಲವೇ ಪಕ್ಕ. ಕಾರಿನ ಲೈಸೆನ್ಸ್ ಮಾಡಿಸಿಕೊಂಡಿದ್ದೆ. ಒಮ್ಮೆ ಜವಳಗೇರಾದ ದಾರಿಯಲ್ಲಿ ಓಡಿಸಿದ್ದೂ ಉಂಟು. ಪಕ್ಕದಲ್ಲಿ ಕುಳಿತ ಇವರು, "ಎಮ್ಮಿ ಬಂತು, ಬಸ್ ಬಂತು, ಹಾರ್ನ್ ಹೊಡಿ, ಹಾರ್ನ್ ಯಾಕ ಹೊಡೀತಿ," ಎಂದು ಬಾಯಿ ಮುಚ್ಚದೆ ಮಾತಾಡಿದರು, ನಾನೇ ಬೇಸತ್ತು ಕೀಲಿ ಕೊಟ್ಟುಬಿಟ್ಟೆ. ಆಮೇಲೆ ಆ ಮಾತೇ ಬರಲಿಲ್ಲ. ಹಿಮದ ಗಾಡಿಯ ವಿಷಯ ತೆಗೆದಾಗ, "ನೋಡೂಣು," ಎಂದರು. ನಮ್ಮ ಮನೆಯಲ್ಲಿ ನೋಡೂಣು ಎಂದರೆ ಇಲ್ಲ ಎಂದರ್ಥ.

ಮಾತಿಲ್ಲದ ಊರು

ವಿಮಾನದಿಂದ ಇಳಿದು ಹೊರಗೆ ಬಂದು ಒಂದು ಉಸಿರು ಎಳೆದೆ ನೋಡಿ, ಮೂಗಿನೊಳಗಿನ ಕೂದಲು ಕಟಕ್ಕೆಂದು ಗಟ್ಟಿಯಾಯಿತು! ಮಾರ್ಚ್ ತಿಂಗಳು. ನಮ್ಮಲ್ಲಿ ಆ ಹೊತ್ತಿಗೆ ಮಧ್ಯಾಹ್ನ ಡಾಂಬರು ಮೆತ್ತಗಾಗಿರುತ್ತದೆ. ಇಲ್ಲಿ ಬಿಸಿಲು ಫಳಫಳ ಹೊಡೆಯುತ್ತಿದೆ, ಕಾವು ಮಾತ್ರ ಇಲ್ಲ. ಇಂಥ ಸುಳ್ಳು ಬಿಸಿಲನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಆ ಊರಿನ ಜನಕ್ಕೆ ಮಾತೆಂದರೆ ಬಲು ಜಿಪುಣತನ. ಬಸ್ ಸ್ಟಾಪಿನಲ್ಲಿ ನಾಲ್ಕು ಜನ ನಿಂತರೆ ಅವರ ನಡುವೆ ನಮ್ಮ ಮಸ್ಕಿಯ ಬಸ್ಸಿನ ಅರ್ಧ ಜನ ಹಿಡಿಸುವಷ್ಟು ಜಾಗ. ನಾನು ಅಭ್ಯಾಸಬಲದಿಂದ ಒಬ್ಬಾಕೆಯ ಹತ್ತಿರ ನಿಂತೆ, ಆಕೆ ಒಂದು ಹೆಜ್ಜೆ ಸರಿದಳು. ನಾನೂ ಸರಿದೆ. ಹೀಗೆ ಸರಿದು ಸರಿದು ಆಕೆ ಸ್ಟಾಪಿನಿಂದಲೇ ಹೊರಗೆ ಹೋದಾಗ ನನಗೆ ಬುದ್ಧಿ ಬಂತು. ಆದರೆ ಮನೆಯೊಳಗೆ ಚಪ್ಪಲಿ ಹಾಕುವುದಿಲ್ಲ, ಬಾಗಿಲಲ್ಲೇ ಬೂಟು ಬಿಡುತ್ತಾರೆ. ಅದನ್ನು ಕಂಡು ನನಗೆ ನೆಂಟರ ಮನೆಗೆ ಬಂದಷ್ಟು ಸಮಾಧಾನವಾಯಿತು.

ಬೆವರುವುದಕ್ಕೆಂದೇ ಒಂದು ಕೋಣೆ ಕಟ್ಟಿಕೊಂಡಿರುತ್ತಾರೆ. ಕಲ್ಲು ಕಾಯಿಸಿ, ಅದರ ಮೇಲೆ ನೀರು ಸುರಿದು, ಆ ಹಬೆಯಲ್ಲಿ ಹುಟ್ಟಿದುಡುಗೆಯಲ್ಲಿ ಕೂಡುತ್ತಾರೆ. ನಾನು ನೈಟಿ ಬಿಡಲಿಲ್ಲ, ಬಿಡು ಎಂದು ಯಾರೂ ಬಲವಂತ ಮಾಡಲಿಲ್ಲ. ಮೇ ತಿಂಗಳಲ್ಲಿ ಸಿಂಧನೂರಿನ ಯಾವ ಮನೆಯ ಮಾಳಿಗೆ ಹತ್ತಿದರೂ ಸಿಗುವುದನ್ನು ಇವರು ಇಷ್ಟು ಕಷ್ಟಪಟ್ಟು ಪಡೆಯುತ್ತಾರಲ್ಲ ಎಂದು ನಗು ಬಂತು.

ಹಿಮದ ಗಾಡಿಗಳ ಯಜಮಾನಿಯ ಹೆಸರು ಐನೊ. ನನ್ನದೇ ವಯಸ್ಸು, ಕೆಂಪು ಗಲ್ಲ, ಗಂಟೆಗೊಮ್ಮೆ ಕಾಫಿ. ಗೈಡ್ ಕೂಡ ಅವಳೇ. ಅವಳ ಇಂಗ್ಲಿಷೂ ಅಷ್ಟಕ್ಕಷ್ಟೆ, ನನ್ನದೂ ಅಷ್ಟಕ್ಕಷ್ಟೆ, ಹಾಗಾಗಿ ನಮಗಿಬ್ಬರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಸೀರೆಯ ಮೇಲೆಯೇ ಚಳಿಯ ದಪ್ಪ ಉಡುಪು ತೊಟ್ಟು ಹೊರಗೆ ಬಂದಾಗ ನಾನು ತುಂಬಿದ ಯೂರಿಯಾ ಚೀಲದಂತೆ ಕಾಣುತ್ತಿದ್ದೆ. ಐನೊ ಬಾಯಿ ಬಿಡದೆ ನನ್ನನ್ನು ಒಳಗೆ ಕರೆದೊಯ್ದು, ಸೀರೆ ಬಿಚ್ಚಿಸಿ, ಉಣ್ಣೆಯ ಪೈಜಾಮ ತೊಡಿಸಿ ಹೊರಗೆ ಬಿಟ್ಟಳು. ಗಾಡಿ ಓಡಿಸುವವರಿಗೆ ಕಾಲು ಆಡಿಸಲು ಬರಬೇಕು ಎಂದಳು. ಓಡಿಸುವವರು ಎಂದಳಲ್ಲ, ನನಗೆ ಅಲ್ಲೇ ಅವಳ ಮೇಲೆ ಪ್ರೀತಿ ಹುಟ್ಟಿತು.

ಹೆಪ್ಪುಗಟ್ಟಿದ ಕೆರೆ

ಮೊದಲ ದಿನ ಕೆರೆಯ ಮೇಲೆ. ಒಂದು ಗಾಡಿಗೆ ಇಬ್ಬರು, ಅರ್ಧ ದಾರಿಗೆ ಅದಲುಬದಲು, ಇದು ಐನೊಳ ನಿಯಮ. ಬಲಗೈ ಹೆಬ್ಬೆರಳಿನ ಹತ್ತಿರ ರೇಸಿನ ಸಣ್ಣ ಹಿಡಿಕೆ, ಎಡಗೈಗೆ ಬ್ರೇಕು. ಗೇರು ಬದಲಿಸುವ ರಗಳೆಯಿಲ್ಲ. ಎಂಜಿನ್ನಿನಿಂದ ಪಟ್ಟಾದ ಕಡೆಗೆ ಶಕ್ತಿ ಒಯ್ಯುವುದು ಒಂದು ಬೆಲ್ಟು, ನಮ್ಮ ಹಿಟ್ಟಿನ ಗಿರಣಿಯಲ್ಲಿ ಇರುವಂಥದ್ದೇ. ರೇಸ್ ಕೊಟ್ಟರೆ ಎಂಜಿನ್ನಿನ ಪಕ್ಕದ ಎರಡು ತಟ್ಟೆಗಳು ಬೆಲ್ಟನ್ನು ಕಚ್ಚಿ ಹಿಡಿಯುತ್ತವೆ, ಎಂಜಿನ್ ತೀರಾ ಮೆತ್ತಗಾದರೆ ಬಿಟ್ಟುಬಿಡುತ್ತವೆ. ಐನೊ ಎರಡು ಅಂಗೈ ಒತ್ತಿ ಒತ್ತಿ ಇದನ್ನು ತೋರಿಸಿದಳು.

ಆಮೇಲೆ ಹೇಳಿದ್ದು ಮುಖ್ಯ ಮಾತು. ಮೊದಲಿನ ಗಾಡಿಗಳು ಟೂ-ಸ್ಟ್ರೋಕ್. ಹೆಬ್ಬೆರಳು ಎತ್ತಿದರೂ ಜಾರಿಕೊಂಡು ಮುಂದೆ ಹೋಗುತ್ತಿದ್ದವು. ಇವು ಫೋರ್-ಸ್ಟ್ರೋಕ್. ಓಡುವಾಗ ಹೆಬ್ಬೆರಳು ಎತ್ತಿದ ಕೂಡಲೇ ಎಂಜಿನ್ನೇ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ. ಬ್ರೇಕ್ ಮುಟ್ಟಿರುವುದಿಲ್ಲವಾದ್ದರಿಂದ ಹಿಂದಿನ ಕೆಂಪು ದೀಪ ಹೊತ್ತುವುದಿಲ್ಲ. ಹಿಂದೆ ಬರುವವರಿಗೆ ತಿಳಿಯಲೆಂದು ಎಡಗೈ ಮೇಲೆತ್ತಬೇಕು.

ನಾನು ಕಣ್ಣು ಕಿವಿ ಬಿಟ್ಟು ಕೇಳುತ್ತಿದ್ದೆ. ನಮ್ಮವರು ಬಾನೆಟ್ ಎತ್ತಿ ತಲೆ ಒಳಗೆ ಹಾಕಿದ್ದರು. "ಫೋರ್-ಸ್ಟ್ರೋಕ್ ಲೇ! ಹೊಗಿ ಇಲ್ಲ, ಸಪ್ಪಳ ಇಲ್ಲ. ಏನ್ ಮಾಲು ಮಾಡ್ಯಾರ!" ಎಂದು ಒಳಗಿನಿಂದಲೇ ಕೂಗುತ್ತಿದ್ದರು.

ಮೊದಲ ಪಾಳಿ ಅವರದ್ದೇ. ನಮ್ಮ ಮುಂದೆ ಲಿಂಗಸುಗೂರಿನ ಅಂಗಡಿಯ ಚಂದ್ರಶೇಖರ ಸಾಹುಕಾರರ ಗಾಡಿ. ಕೆರೆಯ ನಡುಮಧ್ಯೆ ಸಾಹುಕಾರರಿಗೆ ಫೋಟೋ ತೆಗೆಯುವ ಮನಸ್ಸಾಯಿತು. ಹೆಬ್ಬೆರಳು ಎತ್ತಿದರು, ಗಾಡಿ ಅಲ್ಲೇ ತಡೆದು ನಿಂತಿತು, ದೀಪ ಹೊತ್ತಲಿಲ್ಲ, ಕೈ ಮೇಲೇಳಲಿಲ್ಲ. ಇವರು ಹೋಗಿ ಹಿಂದಿನಿಂದ ಡಬ್ ಎಂದು ಕೊಟ್ಟರು! ಪುಣ್ಯಕ್ಕೆ ವೇಗ ಕಡಿಮೆಯಿತ್ತು, ಯಾರಿಗೂ ಏನೂ ಆಗಲಿಲ್ಲ.

"ಕೈ ತೋರ್ಸೂದಿಲ್ಲೇನ್ರೀ ಸಾಹುಕಾರ್ರ?"

"ಬ್ರೇಕ್ ಹಿಡಿದೇ ಇಲ್ಲೋ ಅಮರೇಶಪ್ಪ, ಅದಾ ನಿಂತತಿ!"

ಅಷ್ಟು ದೊಡ್ಡ ಕೆರೆಯಲ್ಲಿ, ಸುತ್ತ ನರಪಿಳ್ಳೆ ಇಲ್ಲದ ಕಡೆ, ರಾಯಚೂರು ಜಿಲ್ಲೆಯ ಎರಡು ಗಾಡಿಗಳೇ ಒಂದಕ್ಕೊಂದು ಗುದ್ದಿದ್ದವು. ಐನೊ ಬಂದು ನೋಡಿದಳು. ಬೈಯಲಿಲ್ಲ. ತನ್ನ ಎಡಗೈ ಮೇಲೆತ್ತಿ ತೋರಿಸಿ ಹೋದಳು.

ಬರುವಾಗ ಪಾಳಿ ನನ್ನದು. ಹೆಬ್ಬೆರಳು ಒತ್ತಿದೆ. ಅಬ್ಬಾ! ನೆಲವೇ ನಮ್ಮನ್ನು ಮುಂದಕ್ಕೆ ಎಸೆದಂತಾಯಿತು. ಕಣ್ಣಳತೆಯವರೆಗೆ ಬೆಳ್ಳಗೆ, ಬದುವಿಲ್ಲ, ಕಾಲುವೆಯಿಲ್ಲ, ಎಮ್ಮೆಯಿಲ್ಲ. ಹೆಬ್ಬೆರಳು ಎತ್ತಿದೆ, ಯಾರೋ ಹಿಂದಿನಿಂದ ಸೆರಗು ಹಿಡಿದು ಎಳೆದಂತೆ ಗಾಡಿ ತಡೆಯಿತು. ಮತ್ತೆ ಒತ್ತಿದೆ, ಹಾರಿತು. ಮತ್ತೆ ಎತ್ತಿದೆ. ಹಿಂದಿನಿಂದ ಇವರು, "ನಿಧಾನಕ್ಕ, ಬಲಕ್ಕ ತಗೋ, ಎಡಕ್ಕ ಯಾಕ ಹೊಂಟಿ, ಕೈ ಎತ್ತು," ಎಂದು ಒಂದೇ ಸಮನೆ ಒದರುತ್ತಿದ್ದರು. ಹೆಲ್ಮೆಟ್ಟಿನ ಪುಣ್ಯ, ಅರ್ಧ ಕೇಳಿಸಲಿಲ್ಲ.

ಸಂಜೆ ಕಾಫಿ ಕುಡಿಯುತ್ತ ಹೇಳಿದೆ, "ನಾಳೆ ಗುಡ್ಡದಾಗ ಇಳಿಯೋವಾಗ ನಾ ಓಡಸ್ತೀನ್ರಿ."

"ಕೆರಿ ಮ್ಯಾಲ ಓಡ್ಸಿದ್ಯಲ್ಲ, ಸಾಕು. ಗುಡ್ಡ ಅಂದ್ರ ಹುಡುಗಾಟ ಅಲ್ಲ. ನೀ ಹಿಂದ ಕುಂತು ಆರಾಮ ನೋಡ್ಕೋತ ಬಾ."

"ನಿಯಮ ಅರ್ಧಾ ಅರ್ಧಾ ಐತ್ರಿ."

"ಹತ್ತೋದು ನಿಂದು, ಇಳಿಯೋದು ನಂದು. ಅರ್ಧಾನ ಆತಲ್ಲ!"

ನನಗೆ ಸಿಟ್ಟು ಬಂತು. ಹತ್ತುವುದರಲ್ಲಿ ಏನಿದೆ? ಎಲ್ಲರೂ ಮಾತಾಡುತ್ತಿದ್ದುದೇ ಇಳಿಯುವುದರ ಬಗ್ಗೆ. ಆ ಇಳಿಜಾರನ್ನು ನೋಡಲೆಂದೇ ನಾನು ಇಷ್ಟು ದೂರ ಬಂದಂತಿತ್ತು. ಕಾಫಿ ಸಪ್ಪಗಾಯಿತು.

ಮೊದಲ ಇಳಿಜಾರು

ಮರುದಿನ ಹತ್ತಿದ್ದು ನಾನೇ. ಗುಡ್ಡದ ನೆತ್ತಿಯ ಮೇಲೆ ಮರಗಳೆಲ್ಲ ಹಿಮ ಹೊದ್ದು, ಮುಸುಕು ಹಾಕಿಕೊಂಡು ಮಲಗಿದವರಂತೆ ನಿಂತಿದ್ದವು. ಐನೊ ಹಿಮ ತೋಡಿ ಬೆಂಕಿ ಮಾಡಿದಳು. ತನಗೆಂದು ಮಾಂಸ ಸುಟ್ಟುಕೊಂಡಳು. ನಾವು ಒಣಗಿಸಿ ತಂದಿದ್ದ ಕಟಕ್ ರೊಟ್ಟಿ, ಗುರೆಳ್ಳು ಪುಡಿ ಬಿಚ್ಚಿದೆವು. ಐನೊ ಒಂದು ರೊಟ್ಟಿ ಮುರಿದು ಬಾಯಿಗಿಟ್ಟು, ಇದು ನಮ್ಮ ರೈ ಧಾನ್ಯದ ರೊಟ್ಟಿಯ ತಂಗಿ ಎಂದಳು. ಅವರೂ ರೊಟ್ಟಿ ಒಣಗಿಸಿ ಇಡುತ್ತಾರಂತೆ! ಪುಡಿಯನ್ನು ನಾಲ್ಕು ಸಲ ಹಾಕಿಸಿಕೊಂಡಳು.

ಈಗ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಸಿಂಧನೂರು ಸೀಮೆ ಅಂಗೈಯಂತೆ ಸಪಾಟು. ಇಳಿಜಾರು ಸಿಗುವುದೇ ಅಪರೂಪ. ಮಸ್ಕಿ ದಾಟಿ ಲಿಂಗಸುಗೂರಿನ ಕಡೆ ಹೋದರೆ ಅಲ್ಲೊಂದು ಇಲ್ಲೊಂದು ಸಿಗುತ್ತದೆ. ಸಿಕ್ಕಿತೆಂದರೆ ಟ್ರ್ಯಾಕ್ಟರಿನವರಿಂದ ಹಿಡಿದು ಟಂಟಂ ಆಟೋದವರವರೆಗೆ ಎಲ್ಲರ ಕೈಯೂ ತಾನಾಗಿ ನ್ಯೂಟ್ರಲ್ಲಿಗೆ ಹೋಗುತ್ತದೆ. ಗಾಡಿ ತಾನೇ ಉರುಳುತ್ತದೆ, ಡೀಸೆಲ್ಲು ಪೆಟ್ರೋಲು ಉಳಿಯುತ್ತದೆ. ಅಳತೆಯ ಮೇಲೆ ಹಾಕುವ ಕೊಸರಿನಂತೆ ಅದೊಂದು ಖುಷಿ. ಸಂತೆಕಲ್ಲೂರಿನ ನನ್ನ ತವರಿಗೆ ಹೋಗುವಾಗಲೆಲ್ಲ ಇವರು ಬುಲೆಟ್ಟನ್ನು ಹಾಗೇ ಬಿಟ್ಟು, "ಪುಕ್ಕಟೆ ಹೊಂಟೀವಿ ನೋಡು," ಎನ್ನುತ್ತಾರೆ.

ಊಟವಾದ ಮೇಲೆ ಇವರು ಮುಂದೆ, ನಾನು ಹಿಂದೆ. ಇಳಿಜಾರಿನ ಅಂಚಿಗೆ ಬಂದು ಗಾಡಿ ನಿಂತಂತಾಯಿತು. ಇವರು ಹೆಬ್ಬೆರಳನ್ನು ಪೂರಾ ಎತ್ತಿ, ಮೈ ಮುಂದಕ್ಕೆ ಬಾಗಿಸಿ ಗಾಡಿಯನ್ನು ಉರುಳಲು ಬಿಟ್ಟರು. "ಪುಕ್ಕಟೆ!" ಎಂದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಪೆಟ್ರೋಲು ಐನೊಳದು, ಉಳಿತಾಯ ನಮ್ಮವರದು!

ಎಂಜಿನ್ ಮೆತ್ತಗೆ ಗುರುಗುಡುತ್ತಿತ್ತು. ಹಿಡಿಯುವ ಎಳೆತ ಮಾತ್ರ ಇರಲಿಲ್ಲ, ಅಂಚಿನಲ್ಲಿ ಓಟ ನಿಂತಿದ್ದರಿಂದ ಬೆಲ್ಟನ್ನು ಬಿಟ್ಟುಬಿಟ್ಟಿತ್ತು. ಗಾಡಿ ಹಲಗೆಯಂತೆ ಜಾರತೊಡಗಿತು. "ಹಿಡಿದಿಲ್ಲರೀ, ಜರಾ ರೇಸ್ ಕೊಡ್ರಿ!" ಎಂದು ಕೂಗಿದೆ.

"ಇಳಿಯೋವಾಗ ಯಾವ ಹುಚ್ಚ ರೇಸ್ ಕೊಡ್ತಾನಲೇ!" ಎಂದವರೇ ಬ್ರೇಕನ್ನು ಮುಷ್ಟಿ ಕಟ್ಟಿ ಹಿಡಿದರು. ಪಟ್ಟಾ ಕಚ್ಚಿ ನಿಂತಿತು, ಗಾಡಿಯ ಹಿಂಭಾಗ ಅಡ್ಡ ತಿರುಗಿತು, ದಾರಿ ಬಿಟ್ಟು ಮೆತ್ತನೆಯ ಹಿಮಕ್ಕೆ ಹೋಗಿ ಮಗ್ಗುಲಾಯಿತು. ಕಣ್ಣು ಬಿಟ್ಟಾಗ ನಾನು ಸೊಂಟದವರೆಗೆ ಹಿಮದಲ್ಲಿದ್ದೆ. ಇವರ ಎರಡು ಬೂಟು ಮಾತ್ರ ಕಾಣುತ್ತಿದ್ದವು.

ಐನೊ ಬಂದು ಬೂಟು ಹಿಡಿದು ಎಳೆದಳು. ಪೆಟ್ಟೇನೂ ಆಗಿರಲಿಲ್ಲ. ಮೀಸೆಯ ತುಂಬ ಹಿಮ, ಮುಖ ಕೆಂಪಾಗಿತ್ತು. ಅವಳ ಇನ್ನೊಂದು ನಿಯಮ ಆಗ ಹೊರಬಿತ್ತು. ಗಾಡಿ ಮಗುಚಿದವರು ಆ ದಿನ ಮತ್ತೆ ಓಡಿಸುವಂತಿಲ್ಲ, ಅವಳ ಗಾಡಿಯ ಹಿಂದೆ ಕಟ್ಟಿದ ಹಲಗೆಬಂಡಿಯಲ್ಲಿ ಕೂಡಬೇಕು. ಮುಂದಿರುವ ಇಳಿಜಾರು ಇದಕ್ಕಿಂತ ಉದ್ದ, ಕೆಳಗೆ ತಿರುವು ಬೇರೆ ಇದೆ. ನೀನು ಓಡಿಸುತ್ತೀಯಾ, ಅಥವಾ ಗಾಡಿ ಇಲ್ಲೇ ಬಿಟ್ಟು ಇಬ್ಬರೂ ಬಂಡಿಯಲ್ಲಿ ಬರುತ್ತೀರಾ ಎಂದು ನನ್ನನ್ನು ಕೇಳಿದಳು.

"ಬಂಡ್ಯಾಗ ಹೋಗೂಣು ನೀಲಾ," ಎಂದರು ಇವರು. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ, ಹೆದರಿಕೆ ಇತ್ತು. "ನನ್ನ ಕೈಲೆ ಆಗಲಿಲ್ಲ ಅದು. ನಿನಗೇನರ ಆದ್ರ?"

ನಾನೂ ಈಗಷ್ಟೇ ಹಿಮದಿಂದ ಎದ್ದವಳು. ಆದರೆ ಈಗ ಬಂಡಿಯಲ್ಲಿ ಕುಳಿತೆನೆಂದರೆ ಇನ್ನು ಯಾವ ಹ್ಯಾಂಡಲನ್ನೂ ಕೇಳುವ ಬಾಯಿ ನನಗೆ ಉಳಿಯುವುದಿಲ್ಲ ಎನ್ನಿಸಿತು. "ಓಡಸ್ತೀನಿ," ಎಂದೆ.

ದೊಡ್ಡ ಇಳಿಜಾರು

ಐನೊ ಮುಂದೆ ಹೊರಟಳು, ಅವಳ ಹಿಂದಿನ ಬಂಡಿಯಲ್ಲಿ ಜಿಂಕೆಯ ಚರ್ಮ ಹೊದ್ದು ನಮ್ಮ ಯಜಮಾನರು. ತಿರುಗಿ ತಿರುಗಿ ನನ್ನ ಕಡೆ ಕೈ ಮಾಡಿ ಏನೋ ಕೂಗುತ್ತಿದ್ದರು, ಒಂದಕ್ಷರವೂ ಕೇಳಿಸಲಿಲ್ಲ.

ಅಂಚಿಗೆ ಬಂದೆ. ಕೆಳಗೆ ಕಣ್ಣು ಹಾಯಿಸಿದೆ. ಕೈ ತಾನಾಗಿ ಎಲ್ಲವನ್ನೂ ಬಿಟ್ಟುಬಿಡಲು ನೋಡಿತು. ಎಷ್ಟಾದರೂ ನಾನೂ ಅದೇ ನೆಲದವಳು, ಇಳಿಜಾರು ಕಂಡರೆ ಬಿಡುವುದೇ ಗೊತ್ತು. ಬಿಡಲಿಲ್ಲ. ಹೆಬ್ಬೆರಳನ್ನು ಒಂದಿಷ್ಟು ಒತ್ತಿದೆ. ಕೆಳಗೆ ಬೀಳುವ ಕಡೆಗೆ ಇನ್ನಷ್ಟು ರೇಸ್ ಕೊಡುವುದೆಂದರೆ ಎಂಥ ಭಯ ಗೊತ್ತೇ! ಗಾಡಿ ಮುಂದಕ್ಕೆ ಚಿಮ್ಮಿತು, ಎಂಜಿನ್ನಿನ ದನಿ ಏರಿತು. ಆಗ ಮೆಲ್ಲಗೆ ಹೆಬ್ಬೆರಳು ಸಡಿಲಿಸಿದೆ.

ಹಿಡಿಯಿತು!

ಊಂ ಎಂದು ಒಂದು ದಪ್ಪ ದನಿ ತೆಗೆದು, ಎಂಜಿನ್ ಇಡೀ ಗಾಡಿಯನ್ನು ಹಿಂದಕ್ಕೆ ಎಳೆದು ಹಿಡಿಯಿತು. ಗುಡ್ಡ ಕೆಳಗೆ ಎಳೆಯುತ್ತದೆ, ಇದು ಬಿಡುವುದಿಲ್ಲ. ನಾನು ಬ್ರೇಕ್ ಮುಟ್ಟಿಯೇ ಇಲ್ಲ! ಸಪಾಟಾದ ಒಂದು ಕಡೆ ದನಿ ಸಣ್ಣಗಾಗಿ, ಗಾಡಿ ಬಿಟ್ಟುಕೊಂಡಂತೆ ಹಗುರಾಯಿತು. ತಕ್ಷಣ ಮತ್ತೊಂದು ಗುಟುಕು ರೇಸ್ ಕೊಟ್ಟೆ. ಮತ್ತೆ ಹಿಡಿಯಿತು. ಆಮೇಲೆ ನಾನು ದಾರಿಯನ್ನು ಕಣ್ಣಿನಿಂದ ನೋಡುವುದಕ್ಕಿಂತ ಕಿವಿಯಿಂದ ಕೇಳುತ್ತ ಇಳಿದೆ. ದನಿ ದಪ್ಪ ಇದ್ದರೆ ಹಿಡಿದಿದೆ, ಸಣ್ಣಗಾದರೆ ಬಿಟ್ಟಿದೆ.

ತಿರುವು ಬಂತು. ಅಲ್ಲಿ ಹೆಬ್ಬೆರಳನ್ನು ತಟ್ಟನೆ ಎತ್ತಿದರೆ ಎಂಜಿನ್ನಿನ ಎಳೆತಕ್ಕೆ ಹಿಂಭಾಗ ಜಾರುತ್ತದೆ ಎಂದು ಐನೊ ಎಚ್ಚರಿಸಿದ್ದಳು. ತಿರುವಿನ ಮುಂಚೆಯೇ ನಿಧಾನ ಮಾಡಿಕೊಂಡು, ಬ್ರೇಕನ್ನು ಎರಡು ಬೆರಳಿನಿಂದ ತುಸು ತುಸು ಒತ್ತಿ, ತಿರುವಿನೊಳಗೆ ಸಣ್ಣಗೆ ರೇಸ್ ಕೊಡುತ್ತ ದಾಟಿದೆ. ಹಲಗೆಗಳು ಹಿಮವನ್ನು ಸರ್ರನೆ ಸೀಳಿದವು. ಆಚೆಗೆ ಬಯಲು, ಐನೊಳ ಮರದ ಮನೆ, ಚಿಮಣಿಯ ಹೊಗೆ. ನಾನು ಹೆಲ್ಮೆಟ್ಟಿನೊಳಗೇ ಹೋ ಎಂದು ಕೂಗಿಬಿಟ್ಟೆ. ಅಳುವೂ ಬಂತು, ನಗುವೂ ಬಂತು. ಎಡಗೈ ಮೇಲೆತ್ತಿ, ಹೆಬ್ಬೆರಳು ಬಿಟ್ಟು, ಅಂಗಳದಲ್ಲಿ ಬರೋಬ್ಬರಿ ನಿಲ್ಲಿಸಿದೆ.

ಐನೊ ನನ್ನ ಬೆನ್ನಿಗೆ ಒಂದು ಗುದ್ದು ಕೊಟ್ಟಳು. ಆ ಊರಿನಲ್ಲಿ ಅದು ದೊಡ್ಡ ಭಾಷಣ.

ಇವರು ಬಂಡಿಯಿಂದ ಇಳಿದು ಬಂದರು. ತಿರುವಿನಲ್ಲಿ ಹಾಗೆ ಮಾಡಬೇಕಿತ್ತು, ಹೀಗೆ ಮಾಡಬೇಕಿತ್ತು ಎನ್ನುತ್ತಾರೆಂದು ನಾನು ಉತ್ತರ ಸಿದ್ಧಮಾಡಿಕೊಂಡೇ ನಿಂತಿದ್ದೆ. ಅವರು ಗಾಡಿಯನ್ನು ಒಂದು ಸುತ್ತು ಹಾಕಿದರು, ಪಟ್ಟಾ ಮುಟ್ಟಿ ನೋಡಿದರು, ಕೆಮ್ಮಿದರು.

"ನೀಲಾ, ಖರೇ ಹೇಳು. ರೇಸ್ ಎಲ್ಲಿ ಕೊಟ್ಟಿ, ಎಲ್ಲಿ ಬಿಟ್ಟಿ?"

ಗಾಡಿಯ ವಿಷಯದಲ್ಲಿ ಅವರು ನನಗೆ ಹೇಳಿದ್ದನ್ನು ಕೇಳಿ ಕೇಳಿ ನನ್ನ ಕಿವಿ ತೂತಾಗಿದೆ. ಅವರು ನನ್ನನ್ನು ಕೇಳಿದ್ದು ಅದೇ ಮೊದಲು. ನನಗೆ ಗೆದ್ದಂತಾಗಬೇಕಿತ್ತು. ಆದರೆ ಮೀಸೆಯ ಮೇಲೆ ಹಿಮ ಕಟ್ಟಿದ ಆ ಮುಖ ನೋಡಿ ಪ್ರೀತಿ ಉಕ್ಕಿತು.

"ಬಾಯಿಲೆ ಹೇಳಿದ್ರ ತಿಳಿಯೂದಿಲ್ರಿ. ಹಿಂದ ಕುಂದ್ರಿ, ತೋರಸ್ತೀನಿ."

ಐನೊ ಮನೆಯ ಹಿಂದಿನ ಸಣ್ಣ ದಿಬ್ಬದ ಕಡೆ ಕೈ ತೋರಿಸಿ, ಕಾಫಿ ಇಡಲು ಒಳಗೆ ಹೋದಳು. ನಾವಿಬ್ಬರೂ ದಿಬ್ಬ ಹತ್ತಿದೆವು. ಅಂಚಿನಲ್ಲಿ ನನ್ನ ಸೊಂಟದ ಮೇಲಿನ ಅವರ ಹಿಡಿತ ಬಿಗಿಯಾಯಿತು.

"ಈಗ ಏನ್ ಮಾಡಬೇಕು?"

"ನೀವೇನೂ ಮಾಡಬ್ಯಾಡ್ರಿ. ಸುಮ್ನ ಸಪ್ಪಳ ಕೇಳ್ರಿ."

ಹೆಬ್ಬೆರಳು ಒತ್ತಿ, ಅಂಚು ದಾಟಿಸಿ, ಮೆಲ್ಲಗೆ ಸಡಿಲಿಸಿದೆ. ಹಿಂದಿನಿಂದ ಎಡಕ್ಕೆ, ಬಲಕ್ಕೆ, ನಿಧಾನಕ್ಕೆ ಎಂಬ ಯಾವ ಮಾತೂ ಬರಲಿಲ್ಲ. ಬಾಯಿ ಮುಚ್ಚಿ ಕೇಳುತ್ತಿದ್ದರು. ಎಂಜಿನ್ ದಪ್ಪ ದನಿ ತೆಗೆದು ನಮ್ಮಿಬ್ಬರನ್ನೂ ತಡೆದು ಹಿಡಿದಾಗ, ನನ್ನ ಭುಜ ಹಿಡಿದು ಅಲ್ಲಾಡಿಸಿ, ಆ ಮಾತಿಲ್ಲದ ಊರಿಗೆಲ್ಲ ಕೇಳುವಂತೆ ಕೂಗಿದರು:

"ಹಿಡೀತು ನೀಲಾ! ಹಿಡೀತು ನೋಡು!"